ಅರ್ಧ ಬೆರಳು ಗಿಡ್ಡ ರೆಕ್ಕೆ

ನನಗೂ ನನ್ನ ಅತ್ತೆಗೂ ಜಗಳ ಇರಲಿಲ್ಲ. ಕಾರ್ಖಾನೆಯಲ್ಲಿ ಇದನ್ನು ಯಾರೂ ನಂಬುತ್ತಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಒಬ್ಬೊಬ್ಬರೂ ತಮ್ಮ ತಮ್ಮ ಅತ್ತೆಯ ಪುರಾಣ ಬಿಚ್ಚುತ್ತಿದ್ದರು. ನಾನು ಮಾತ್ರ ತಲೆ ಬಗ್ಗಿಸಿ ಉಣ್ಣುತ್ತಿದ್ದೆ. ನಿಮ್ಮತ್ತೆ ಏನೂ ಅನ್ನುವುದಿಲ್ಲವೇ ಎಂದು ಕೆಣಕಿದರೆ, ಅನ್ನುತ್ತಾರೆ, ನನ್ನ ಹೊಲಿಗೆ ಸೊಟ್ಟಗಾದಾಗ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಎಷ್ಟು ಜಂಬ ಇತ್ತು ನನಗೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಅತ್ತೆ ಮೂವತ್ತು ವರ್ಷ ಅಂಗಿ ಹೊಲಿಯುವ ಕಡೆ ಕಾಲರ್ ಕೂರಿಸುತ್ತಿದ್ದವರು. ಬೆಳಿಗ್ಗೆಯಿಂದ ಸಂಜೆಯವರೆಗೆ ಬರೀ ಕಾಲರ್. ಅವರ ಪಕ್ಕದಲ್ಲಿ ನಿಂತು ಕೆಲಸ ಕಲಿತ ಗಂಡಸರು ಒಬ್ಬೊಬ್ಬರಾಗಿ ಮಾಸ್ಟರ್ ಆದರು, ಕೊರಳಿಗೆ ಟೇಪು ನೇತುಹಾಕಿಕೊಂಡು ಓಡಾಡಿದರು. ಅತ್ತೆ ಮಾತ್ರ ಕಡೆಯ ದಿನದವರೆಗೂ ‘ಕಾಲರಮ್ಮ’. ಮೊಣಕಾಲು ಸವೆದ ಮೇಲೆ ಮನೆಯಲ್ಲಿ ಕುಳಿತರು. ನಾನು ಮದುವೆಯಾಗಿ ಬಂದಾಗ ನನಗೆ ನೆಟ್ಟಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ರಟ್ಟಿನ ಮೇಲೆ ಗೀಟು ಎಳೆಯುವವರೆಗೆ ಎಲ್ಲವನ್ನೂ ಕಲಿಸಿದವರು ಅವರು. ಗೀಟು ಎಳೆಯುವಾಗ ಉಸಿರು ಬಿಗಿ ಹಿಡಿಯಬೇಡ, ಬಿಡುತ್ತಾ ಎಳೆ ಎನ್ನುತ್ತಿದ್ದರು. ನನ್ನ ಗಂಡ ದೂರದ ಊರುಗಳಿಗೆ ಬಸ್ ಓಡಿಸುತ್ತಾನೆ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಹಾಗಾಗಿ ಮನೆಯೆಂದರೆ ನಾವಿಬ್ಬರು, ನಡುವೆ ಅವರ ಹಳೆಯ ಹೊಲಿಗೆ ಯಂತ್ರ.

ಆಗ ನಮ್ಮದು ಬಟ್ಟೆ ಬೊಂಬೆಗಳ ಕಾರ್ಖಾನೆ. ಫೋನಿನಲ್ಲಿ ಮಕ್ಕಳು, ಮಕ್ಕಳೇನು ಬಂತು, ಮೀಸೆ ಹಣ್ಣಾದವರೂ ಬಲೆ ಬೀಸಿ ಬೀಸಿ ವಿಚಿತ್ರ ಪ್ರಾಣಿಗಳನ್ನು ಹಿಡಿಯುವ ಒಂದು ಆಟವಿದೆಯಲ್ಲ, ಆ ಪ್ರಾಣಿಗಳನ್ನು ನಾವು ಬಟ್ಟೆಯಲ್ಲಿ ಹೊಲಿಯುತ್ತಿದ್ದೆವು. ಇನ್ನೂರಕ್ಕೂ ಹೆಚ್ಚು ಜಾತಿ. ಬಾಲದಲ್ಲಿ ದೀಪವಿರುವ ಕಪ್ಪೆ, ಮೂರು ಕಿವಿಯ ಕರಡಿ, ಏನೇನೋ. ಅವುಗಳಲ್ಲೆಲ್ಲ ಜನಕ್ಕೆ ಹುಚ್ಚು ಹಿಡಿಸಿದ್ದು ಟಿಕ್ರು ಎಂಬ ಹಕ್ಕಿ. ಕಿತ್ತಳೆ ಬಣ್ಣ, ಗುಂಡು ಮೈ, ಕೋಪ ಬಂದರೆ ಕೊಕ್ಕಿನಿಂದ ಕಿಡಿ ಕಾರುತ್ತದೆ. ಮುಖ ನೋಡಿದರೆ ಯಾವಾಗಲೂ ಯಾರೋ ತನ್ನ ತಿಂಡಿ ಕದ್ದಿದ್ದಾರೆ ಅನ್ನುವ ಹಾಗೆ ಇರುತ್ತದೆ. ಆ ಮುಖಕ್ಕೇ ಜನ ಸೋತಿದ್ದು.

ನಾನು ಕೂರುತ್ತಿದ್ದದ್ದು ಸ್ಯಾಂಪಲ್ ಕೋಣೆಯಲ್ಲಿ. ಹೊಸ ಪ್ರಾಣಿ ಬಂದರೆ ಮೊದಲು ಅದರ ಚಿತ್ರ ನಮ್ಮ ಕೈಗೆ ಬರುತ್ತಿತ್ತು. ಚಿತ್ರ ನೋಡಿ ರಟ್ಟಿನಲ್ಲಿ ತುಂಡುಗಳನ್ನು ಮಾಡುವುದು, ಅಂದರೆ ಪ್ಯಾಟರ್ನ್ ಮಾಡುವುದು ನನ್ನ ಕೆಲಸ. ಅದನ್ನಿಟ್ಟು ಬಟ್ಟೆ ಕತ್ತರಿಸುವವರು ಕತ್ತರಿಯಣ್ಣ. ಎತ್ತರದ ಮನುಷ್ಯ, ಮಾತು ಕಡಿಮೆ, ಕತ್ತರಿ ಹಿಡಿದರೆ ಮಾತ್ರ ಗುನುಗುತ್ತಾರೆ. ನಮ್ಮಿಬ್ಬರ ಮೇಲೆ ಮೇಡಂ. ಆ ಕೋಣೆಯಿಂದ ಒಂದು ಚೂರು ಕಾಗದವೂ ಹೊರಗೆ ಹೋಗುವಂತಿರಲಿಲ್ಲ. ಒಳಗೆ ಬರುವಾಗ ಫೋನನ್ನು ಬಾಗಿಲ ಬಳಿಯ ಟ್ರೇಯಲ್ಲಿ ಹಾಕಬೇಕು, ಹೊರಗೆ ಹೋಗುವಾಗ ಜೇಬು ತೋರಿಸಬೇಕಿತ್ತು. ಹೊಸ ಪ್ರಾಣಿ ಹೇಗಿದೆ ಎಂಬುದು ಬಿಡುಗಡೆಯ ದಿನದವರೆಗೆ ಗುಟ್ಟು. ನಮಗೂ ಅದರ ಹೆಸರು ಹೇಳುತ್ತಿರಲಿಲ್ಲ, ಬರೀ ನಂಬರು.

ಕಡೆಯದಾಗಿ ಬಂದದ್ದು ಇನ್ನೂರ ಹದಿನಾಲ್ಕು. ಚಿತ್ರ ಬಿಚ್ಚಿದ ಕೂಡಲೇ ಗೊತ್ತಾಯಿತು, ಇದು ಟಿಕ್ರುವೇ, ಬೆಳೆದು ದೊಡ್ಡದಾಗಿದೆ. ಗುಂಡು ಮೈ ಹೋಗಿ ಉದ್ದನೆಯ ಕುತ್ತಿಗೆ ಬಂದಿತ್ತು, ಎಡ ರೆಕ್ಕೆಯನ್ನು ಅರ್ಧ ಮಡಿಸಿ ಎದೆಯ ಮೇಲಿಟ್ಟುಕೊಂಡು ನಿಂತಿತ್ತು. ಜೊತೆಗಿದ್ದ ಕಾಗದದಲ್ಲಿ ಅದರ ಸ್ವಭಾವ ಬರೆದಿದ್ದರು. ಕಾದಾಡಿಸಿದರೆ ಟಿಕ್ರು ದೊಡ್ಡದಾಗುವುದಿಲ್ಲವಂತೆ. ಒಮ್ಮೆಯೂ ಬೇರೆಯವರಿಗೆ ಬಿಟ್ಟುಕೊಡದೆ ನೂರು ದಿನ ಜೊತೆಯಲ್ಲಿಟ್ಟುಕೊಂಡವರಿಗೆ ಮಾತ್ರ ಅದು ಈ ರೂಪ ತೋರಿಸುತ್ತದಂತೆ. ಓದಿ ನನಗೆ ನಗು ಬಂತು, ಇಷ್ಟವೂ ಆಯಿತು.

ಇಷ್ಟವಾಗಿ ಏನು ಬಂತು, ಕುತ್ತಿಗೆ ನಿಲ್ಲಲಿಲ್ಲ. ಹತ್ತಿ ಎಷ್ಟು ತುರುಕಿದರೂ ತಲೆಯ ಭಾರಕ್ಕೆ ಬಾಗಿ, ಬಸ್ಸಿನಲ್ಲಿ ತೂಕಡಿಸುವವರ ಹಾಗೆ ಎದೆಗೆ ಬಂದು ಬೀಳುತ್ತಿತ್ತು. ತಂತಿ ಹಾಕುವಂತಿಲ್ಲ, ಮಕ್ಕಳಿಗೆ ಚುಚ್ಚುತ್ತದೆ. ಎರಡು ವಾರ ಹೊಲಿದೆ, ಬಿಚ್ಚಿದೆ. ಈ ವಾರವೂ ಆಗದಿದ್ದರೆ ಬೇರೆಯವರ ಕೈಗೆ ಕೊಡುತ್ತೇನೆ ಎಂದು ಮೇಡಂ ಹೇಳಿದರು. ಟಿಕ್ರುವನ್ನು ಮೊದಲು ಬಟ್ಟೆಯಲ್ಲಿ ಮಾಡಿದವಳು ನಾನು. ಅದು ಬೆಳೆದು ಬಂದಾಗ ಇನ್ನೊಬ್ಬರ ಕೈಗೆ ಹೋಗುವುದು ನನಗೆ ಸಹಿಸುವ ಮಾತಾಗಿರಲಿಲ್ಲ.

ಆ ಸಂಜೆ ಮಾಡಬಾರದ್ದನ್ನು ಮಾಡಿದೆ. ಜೇಬಿನಲ್ಲಿ ಏನೂ ತರಲಿಲ್ಲ, ತಲೆಯಲ್ಲಿ ತಂದೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ನೆನಪಿನಿಂದಲೇ ಇನ್ನೂರ ಹದಿನಾಲ್ಕರ ಎಲ್ಲ ತುಂಡುಗಳನ್ನೂ ಬರೆದೆ. ಬರೀ ಕುತ್ತಿಗೆ ಬರೆದರೆ ಸಾಕಿತ್ತು. ಆದರೆ ಇಡೀ ಹಕ್ಕಿಯನ್ನು ಅತ್ತೆಗೆ ತೋರಿಸುವ ಆಸೆ ನನಗೆ. ಎಡ ರೆಕ್ಕೆಯನ್ನು ಬರೆಯುತ್ತಿದ್ದಾಗ ಒಲೆಯ ಮೇಲೆ ಹಾಲು ಉಕ್ಕಿತು. ಎದ್ದು ಹೋಗಿ ಒರೆಸಿ, ಹಾಲಿನ ಕೈಯಲ್ಲೇ ಬಂದು ರೆಕ್ಕೆಯನ್ನು ಪಕ್ಕಕ್ಕಿಟ್ಟು ಕುತ್ತಿಗೆಗೆ ಕೈ ಹಚ್ಚಿದೆ.

ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಕೊರಳನ್ನೇ ಒಮ್ಮೆ ಮುಟ್ಟಿ ನೋಡಿಕೊಂಡರು. ಮೂವತ್ತು ವರ್ಷ ಕಾಲರ್ ಹೊಲಿದವರಿಗೆ ಕುತ್ತಿಗೆಯ ಬಗ್ಗೆ ತಿಳಿಯದ್ದು ಏನಿದೆ. ಒಂದೇ ತುಂಡು ಮಾಡಬೇಡ, ಎರಡು ಮಾಡು ಎಂದರು. ಎರಡನ್ನೂ ಓರೆಯಾಗಿ ಕತ್ತರಿಸು, ಆದರೆ ಒಂದರ ಓರೆ ಈ ಕಡೆ, ಇನ್ನೊಂದರದು ಆ ಕಡೆ. ಒಂದು ಬಾಗಲು ಹೋದರೆ ಇನ್ನೊಂದು ಎಳೆದು ಹಿಡಿಯುತ್ತದೆ. ಹಿಂಗತ್ತಿನಲ್ಲಿ ಒಳಗಿನಿಂದ ಒಂದು ಸಣ್ಣ ಮಡಿಕೆ ಕೊಡು. ಹೇಳುತ್ತಾ ಎರಡು ತುಂಡನ್ನೂ ಅವರೇ ಪೇಪರಿನ ಮೇಲೆ ಬರೆದರು. ಹರಿದ ಹೊದಿಕೆಯೊಂದನ್ನು ಕತ್ತರಿಸಿ ಬರೀ ತಲೆ, ಕುತ್ತಿಗೆ ಹೊಲಿದೆವು. ನಿಂತಿತು. ಅತ್ತೆ ಬೆರಳಿನಿಂದ ತಲೆಗೆ ಮೊಟಕಿದರು. ಬಾಗಿ ಮತ್ತೆ ಎದ್ದು ನಿಂತಿತು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಪೇಪರು ತುಂಡುಗಳನ್ನು ಹರಿದುಹಾಕಿ ಅತ್ತೆ ಎಂದೆ. ಹರಿದುಹಾಕುತ್ತೇನೆ ಎಂದರು. ಮಾರನೆಯ ದಿನ ಕೇಳಿದ್ದಕ್ಕೆ, ಆಗಲೇ ಹರಿದು ಒಲೆಗೆ ಹಾಕಿದೆ ಎಂದರು.

ಕಾರ್ಖಾನೆಯಲ್ಲಿ ಮೇಡಂ ನನ್ನ ಹೊಸ ಕುತ್ತಿಗೆ ನೋಡಿ ಮೇಲಿನವರನ್ನೆಲ್ಲ ಕೋಣೆಗೆ ಕರೆದು ಚಪ್ಪಾಳೆ ಹೊಡೆಸಿದರು. ಹಾರಿಕೊಂಡು ಮನೆಗೆ ಬಂದೆ. ಅತ್ತೆಗೆ ಎಲ್ಲವನ್ನೂ ಹೇಳಿದೆ, ಯಾರ್ಯಾರು ಏನೇನು ಅಂದರು ಎಂದು ಅಭಿನಯ ಮಾಡಿ ತೋರಿಸಿದೆ. ಅವರೂ ನಕ್ಕರು. ಮತ್ತೆ ತಟ್ಟೆ ಒರೆಸುತ್ತಾ, ನನ್ನ ಹೆಸರು ಹೇಳಿದೆಯಾ ಎಂದು ಕೇಳಿದರು. ಹೇಗೆ ಹೇಳಲಿ ಅತ್ತೆ, ಮನೆಗೆ ತಂದಿದ್ದೆ ಅಂತ ಗೊತ್ತಾದರೆ ಅವತ್ತೇ ನನ್ನ ಡಬ್ಬಿ ಕೈಗೆ ಕೊಟ್ಟು ಕಳಿಸುತ್ತಾರೆ ಎಂದು ನಕ್ಕೆ. ಹೌದೌದು ಎಂದರು. ಆ ಮಾತು ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ಅದಾದ ಮೇಲೆ ಅತ್ತೆ ವಾರಕ್ಕೆ ಮೂರು ಮಧ್ಯಾಹ್ನ ಮೊಣಕಾಲಿನ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋಗತೊಡಗಿದರು. ನನಗೆ ಖುಷಿಯಾಯಿತು. ಎಷ್ಟು ವರ್ಷದಿಂದ ಹೇಳುತ್ತಿದ್ದೆ. ನಡೆಯಲು ಅನುಕೂಲವಾಗಲಿ ಎಂದು ಮೆತ್ತನೆಯ ಷೂ ತಂದುಕೊಟ್ಟೆ. ಅವರ ಮುಖದಲ್ಲಿ ಕಳೆ ಬಂತು. ಮೆಟ್ಟಿಲು ಹತ್ತುವಾಗ ಅಯ್ಯೋ ಅನ್ನುವುದೂ ನಿಂತಿತು. ಒಂದು ದಿನ ಅವರ ಸ್ವೆಟರಿನ ತೋಳಿನಲ್ಲಿ ಕಿತ್ತಳೆ ಬಣ್ಣದ ಜುಂಗು ಅಂಟಿತ್ತು. ನನ್ನ ಬಟ್ಟೆಯಿಂದಲೇ ಉದುರಿದ್ದು ಅಂದುಕೊಂಡು, ನನ್ನಿಂದ ನಿಮಗೂ ಪುಕ್ಕ ಬಂತಲ್ಲ ಅತ್ತೆ ಎಂದು ಚುಡಾಯಿಸಿದೆ. ಅವರು ಜುಂಗನ್ನು ಚಿವುಟಿ ತೆಗೆದು ಊದಿಬಿಟ್ಟರು.

ಬಿಡುಗಡೆಗೆ ಇನ್ನೂ ನಲವತ್ತು ದಿನವಿರುವಾಗ ಒಂದು ಬೆಳಿಗ್ಗೆ ಮೇಡಂ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮೇಜಿನ ಮೇಲೆ ಸುರಿದರು. ಇನ್ನೂರ ಹದಿನಾಲ್ಕು ಹೊರಗೆ ಬಿತ್ತು. ನಮ್ಮದಲ್ಲ. ಬಟ್ಟೆ ಅಗ್ಗದ್ದು, ಕಣ್ಣಿನ ಗುಂಡಿ ಬೇರೆ. ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದಾರಂತೆ. ಆಟದಲ್ಲೇ ಇನ್ನೂ ಹುಟ್ಟದ ಹಕ್ಕಿ ಪಾದಚಾರಿ ರಸ್ತೆಯಲ್ಲಿ ಕೂತಿತ್ತು. ಈ ಕೋಣೆಯಿಂದಲೇ ಹೋಗಿದೆ, ಮೂರು ದಿನದಲ್ಲಿ ಯಾರೆಂದು ತಿಳಿಯದಿದ್ದರೆ ಮೂವರನ್ನೂ ತೆಗೆಯುತ್ತಾರೆ, ನನ್ನನ್ನೂ ಸೇರಿಸಿ ಎಂದು ಮೇಡಂ ಹೇಳಿದರು. ಹೇಳುವಾಗ ಅವರು ಕತ್ತರಿಯಣ್ಣನ ಕಡೆ ನೋಡುತ್ತಿದ್ದರು. ಕತ್ತರಿಯಣ್ಣನ ಬಾವಮೈದುನನ ಅಂಗಡಿ ಅದೇ ಬೀದಿಯಲ್ಲಿತ್ತು.

ನಾನು ಹಕ್ಕಿಯನ್ನು ಕೈಗೆತ್ತಿಕೊಂಡೆ. ಕುತ್ತಿಗೆ ನಿಂತಿತ್ತು. ಹಿಂಗತ್ತು ಒತ್ತಿದೆ, ಒಳಗೆ ಮಡಿಕೆ ಸಿಕ್ಕಿತು. ಕತ್ತರಿಯಣ್ಣನಿಗೆ ಇದೆಲ್ಲ ಗೊತ್ತಿತ್ತು, ಅವರೇ ಆಗಿರಬಹುದು ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಆಮೇಲೆ ಎಡ ರೆಕ್ಕೆ ಮುಟ್ಟಿದೆ. ಗಿಡ್ಡವಾಗಿತ್ತು. ಮಡಿಸಿದ ತುದಿ ಎದೆಯ ನಡುವಿಗೆ ಬರಬೇಕು, ಬಂದಿರಲಿಲ್ಲ. ಸುತ್ತಲೂ ಅರ್ಧ ಬೆರಳು ಕಡಿಮೆ.

ಹೊಲಿಗೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ತುಂಡು ಬರೆದರೂ ಅದರ ಸುತ್ತ ಹೊಲಿಗೆಗೆಂದು ಇನ್ನೊಂದು ಗೀಟು ಎಳೆದು ಜಾಗ ಬಿಡಬೇಕು. ಮಾರ್ಜಿನ್ ಅನ್ನುತ್ತೇವೆ. ಬಿಡದಿದ್ದರೆ ಹೊಲಿದಾಗ ಅಷ್ಟು ಗಿಡ್ಡವಾಗುತ್ತದೆ. ಕಾರ್ಖಾನೆಯ ರಟ್ಟಿನಲ್ಲಿ ಎಲ್ಲ ಸರಿಯಿತ್ತು. ಹಾಲು ಉಕ್ಕಿದ್ದು ನಮ್ಮ ಮನೆಯಲ್ಲಿ. ಎಡ ರೆಕ್ಕೆಗೆ ಎರಡನೆಯ ಗೀಟು ಎಳೆಯದೆ ನಾನು ಎದ್ದದ್ದು ಆ ಒಂದು ಪೇಪರಿನ ಮೇಲೆ. ಒಲೆಗೆ ಹಾಕಿದೆ ಎಂದಿದ್ದರಲ್ಲ, ಆ ಪೇಪರಿನ ಮೇಲೆ.

ಹಕ್ಕಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ. ಬಾಯಿ ಬಿಡಲಿಲ್ಲ. ಕತ್ತರಿಯಣ್ಣ ನನ್ನ ಮುಖ ನೋಡಿ, ನೀನು ಹೆದರಬೇಡ ತಂಗಿ, ನಿನ್ನ ಮೇಲೆ ಬರೋದಿಲ್ಲ ಎಂದರು. ಮಧ್ಯಾಹ್ನದ ಹೊತ್ತಿಗೆ, ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದು ಅವರನ್ನು ಮನೆಗೆ ಕಳಿಸಿದರು. ಅವರು ತಮ್ಮ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ, ಸುತ್ತಿದ್ದನ್ನು ಬಿಚ್ಚಿ ಜೇಬಿನ ಜೊತೆ ಅದನ್ನೂ ತೋರಿಸಿ ಹೋದರು. ನಾನು ನೋಡುತ್ತಾ ಕುಳಿತಿದ್ದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ತಲೆನೋವು ಎಂದು ಹೇಳಿ ಬೇಗ ಹೊರಟು ಆ ಬೀದಿಗೆ ಹೋದೆ. ರಾಶಿಯಿಂದ ಒಂದು ಹಕ್ಕಿಯನ್ನು ಕೊಂಡೆ. ಎಲ್ಲಿ ಹೊಲಿಯುತ್ತಾರೆ ಎಂದು ಕೇಳಿದ್ದಕ್ಕೆ ಮಾರುವವನು, ಅದೆಲ್ಲ ನಿಮಗ್ಯಾಕೆ, ನಮ್ಮ ಮಾಸ್ಟರಮ್ಮನ ಕೈಚಳಕ ನೋಡಿ, ಕುತ್ತಿಗೆ ಹೇಗೆ ನಿಂತಿದೆ ಎಂದ. ದಾರಿಯುದ್ದಕ್ಕೂ ನಾನು ಅತ್ತೆಯ ಪರವಾಗಿಯೇ ವಾದ ಹೂಡಿದೆ. ಯಾರೋ ಕದ್ದಿರಬಹುದು, ಯಾರೋ ಹೆದರಿಸಿರಬಹುದು. ಮನೆ ಬರುವ ಹೊತ್ತಿಗೆ ವಾದವೆಲ್ಲ ಮುಗಿದು ಹೋಗಿತ್ತು.

ಅತ್ತೆ ಆಗ ತಾನೇ ‘ಆಸ್ಪತ್ರೆ’ಯಿಂದ ಬಂದು ಷೂ ಬಿಚ್ಚುತ್ತಿದ್ದರು. ನಾನು ಹಕ್ಕಿಯನ್ನು ಅವರ ತೊಡೆಯ ಮೇಲೆ ಇಟ್ಟೆ. ಬೆಚ್ಚುತ್ತಾರೆ, ಅಳುತ್ತಾರೆ, ಏನಾದರೊಂದು ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ಪಕ್ಕಕ್ಕೆ ವಾಲಿದ್ದ ಅದರ ಕೊಕ್ಕನ್ನು ನೇರ ಮಾಡಿದರು.

"ಯಾವಾಗ ಗೊತ್ತಾಯ್ತು?" ಎಂದರು.

"ಇವತ್ತು. ಹರಿದುಹಾಕಿದೆ ಅಂದಿದ್ರಿ."

"ಹರಿಯೋಕೆ ಕೈ ಬರಲಿಲ್ಲ. ನಾನು ಮಾಡಿದ ಕುತ್ತಿಗೆ ಅದು."

ಕೇಳಿದರೆ ಅವರು ಎಲ್ಲವನ್ನೂ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಹಳೆಯ ಕೆಲಸದ ಗೆಳತಿಯೊಬ್ಬಳು ದಾರಿಯಲ್ಲಿ ಸಿಕ್ಕಿದ್ದಳಂತೆ, ಅವಳ ಮಗ ಬೊಂಬೆ ಹೊಲಿಸುತ್ತಾನಂತೆ. ಕುತ್ತಿಗೆಯ ವಿಷಯ ಬಾಯಿಗೆ ಬಂತಂತೆ. ತಾಯಿ ಮಗ ಸೇರಿ ಎಂಟು ಜನ ಹುಡುಗಿಯರ ಮುಂದೆ ಅತ್ತೆಯನ್ನು ಕೂರಿಸಿ, ಕೊರಳಿಗೆ ಟೇಪು ಹಾಕಿ, ಹೇಳಿಕೊಡಿ ಅಂದರಂತೆ. ಇದನ್ನು ಹೇಳುವಾಗ ಅವರ ಕೈ ತಾನಾಗಿ ಕೊರಳಿಗೆ ಹೋಯಿತು, ಆ ಸಂಜೆ ಅಡುಗೆಮನೆಯಲ್ಲಿ ಹೋದ ಹಾಗೆಯೇ.

"ಅಲ್ಲಿ ನನ್ನನ್ನ ಮಾಸ್ಟರ್ ಅಂತಾರೆ ಕಣೆ," ಎಂದರು. "ನಿನಗೆ ಚಪ್ಪಾಳೆ ಹೊಡೆದ ದಿನ ನನಗೂ ಖುಷಿ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಆ ಚಪ್ಪಾಳೆ ನನ್ನ ಕಿವಿಗೆ ಬೀಳಲೇ ಇಲ್ಲವಲ್ಲ."

"ನನಗೆ ಹೇಳಬಹುದಿತ್ತು."

"ಹೇಳಿದೆ. ಹೆಸರು ಹೇಳಿದ್ಯಾ ಅಂತ ಕೇಳಿದೆ. ನೀನು ನಕ್ಕೆ."

ಅದು ನಿಜ. ನಿಜ ಎಂದು ಒಪ್ಪಿಕೊಂಡರೆ ನನ್ನ ಹೊಟ್ಟೆಯ ಉರಿ ಕಡಿಮೆಯಾಗುತ್ತದೆಯೇ? ವಾರಕ್ಕೆ ಮೂರು ಮಧ್ಯಾಹ್ನ ನಾನು ತಂದ ಷೂ ಹಾಕಿಕೊಂಡು, ನನ್ನ ಅನ್ನಕ್ಕೆ ಕಲ್ಲು ಹಾಕಲು ಹೋಗುತ್ತಿದ್ದರು. ಬಂದು ನನ್ನ ಕೈಯಲ್ಲೇ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಪರರು ಮಾಡಿದ್ದರೆ ಬೈದು ಬಿಡುತ್ತಿದ್ದೆ. ನನಗೆ ಸೂಜಿ ಹಿಡಿಯಲು ಕಲಿಸಿದ ಕೈ ಇದು. ಬೆನ್ನಿಗೆ ಇರಿದವರನ್ನು ಅತ್ತೆ ಎಂದು ಹೇಗೆ ಕರೆಯಲಿ, ಕರೆಯದೆ ಹೇಗಿರಲಿ? ಕತ್ತರಿಯಣ್ಣನ ವಿಷಯ ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ. ಮುಖ ಸಣ್ಣದಾಯಿತು. ಆದರೂ ಹಕ್ಕಿಯನ್ನು ತೊಡೆಯಿಂದ ಕೆಳಗಿಡಲಿಲ್ಲ.

"ನಮ್ಮ ಮನೆಯದೇ ಅಂತ ಹೇಗೆ ಹೇಳ್ತೀಯ?" ಎಂದು ಕೇಳಿದರು. "ಕತ್ತರಿಸೋನಿಗೂ ಕುತ್ತಿಗೆ ಗೊತ್ತಿತ್ತಲ್ಲ."

"ಎಡ ರೆಕ್ಕೆ ನೋಡಿ."

ಕನ್ನಡಕ ಏರಿಸಿಕೊಂಡು ನೋಡಿದರು. ರೆಕ್ಕೆಯನ್ನು ಮಡಿಸಿದರು, ಬಿಡಿಸಿದರು, ಬಲ ರೆಕ್ಕೆಯ ಹೊಲಿಗೆಯನ್ನು ಉಗುರಿನಿಂದ ಬಿಡಿಸಿ ಒಳಗಿನ ಅಂಚು ನೋಡಿದರು. ಮತ್ತೆ ಎಡಗಡೆಗೆ ಬಂದರು. ಆ ಹೊತ್ತಿನಲ್ಲಿ ಮೊದಲ ಸಲ ಅವರು ತಪ್ಪು ಮಾಡಿದವರ ಹಾಗೆ ಕಂಡರು.

"ಅಲ್ಲಿಗೆ ತಗೊಂಡು ಹೋದ ಮೇಲೆ ನಾನು ಬರೆದ ತುಂಡುಗಳನ್ನ ಎರಡೆರಡು ಸಲ ಅಳೆದೆ," ಎಂದರು ನಿಧಾನವಾಗಿ. "ನನ್ನ ಕುತ್ತಿಗೆಯನ್ನೇ ನಂಬದೆ ಅಳೆದೆ. ನೀನು ಬರೆದದ್ದನ್ನ ಮಾತ್ರ ಅಳೀಲಿಲ್ಲ. ನಿನ್ನ ಗೀಟು ತಪ್ಪಲ್ಲ ಅಂತ ಇದ್ದೆ."

ಅಲ್ಲಿಯವರೆಗೆ ನನಗೆ ಅಳು ಬಂದಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ನನ್ನನ್ನು ಮಾರಿದವರು ನನ್ನನ್ನು ಅಷ್ಟು ನಂಬಿದ್ದರು ಎಂಬುದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಮೇಡಂ ಮುಂದೆ ನಿಂತು ಹೇಳಿದೆ. ನೆನಪಿನಿಂದ ಬರೆದದ್ದು ನಾನು, ಮನೆಯಲ್ಲಿ, ಪೇಪರಿನ ಮೇಲೆ. ಅಲ್ಲಿಂದ ಹೋಗಿದೆ. ಯಾರು ಕೊಂಡೊಯ್ದರು ಎಂದು ಕೇಳಿದರು. ಮನೆಯಿಂದ ಹೋಯಿತು, ಅಷ್ಟು ಸಾಕು ಎಂದೆ. ಅವರು ಕುತ್ತಿಗೆಯ ಬಗ್ಗೆ ಕೇಳಲಿಲ್ಲ. ನಾನೇ ಹೇಳಿದೆ, ಅದು ನನ್ನದಲ್ಲ, ನನ್ನ ಅತ್ತೆಯದು ಎಂದು. ತಡವಾಗಿ ಹೇಳಿದ ಮಾತು, ಈಗ ಯಾರು ಚಪ್ಪಾಳೆ ಹೊಡೆಯುತ್ತಾರೆ? ಸಂಜೆಯೊಳಗೆ ನನ್ನ ಮೇಜು ಖಾಲಿಯಾಯಿತು. ಕತ್ತರಿಯಣ್ಣನನ್ನು ಮತ್ತೆ ಕರೆಸಿದರು. ಗೇಟಿನ ಬಳಿ ಎದುರು ಸಿಕ್ಕರು, ಏನೂ ಕೇಳಲಿಲ್ಲ, ನನ್ನ ಡಬ್ಬಿಯ ಚೀಲವನ್ನು ಬಸ್ ನಿಲ್ದಾಣದವರೆಗೆ ಹಿಡಿದುಕೊಂಡು ಬಂದರು.

ಗಂಡ ಊರಿಂದ ಬಂದವನು ಎರಡೂ ಕಡೆಯ ಕಥೆ ಕೇಳಿ, ತಲೆ ಕೆರೆದುಕೊಂಡು, ಅಮ್ಮ ಅಲ್ಲವಾ, ಬಿಡು ಎಂದ. ಬಿಡುವುದು ಹೇಗೆ ಎಂದು ಕೇಳಿದೆ. ಅವನು ಮಾರನೆಯ ದಿನ ಬಸ್ ಹತ್ತಿದ.

ಈಗ ನಾನು ಪರದೆ ಹೊಲಿಯುವ ಅಂಗಡಿಯಲ್ಲಿದ್ದೇನೆ. ನೇರ ಗೀಟು, ನೇರ ಹೊಲಿಗೆ, ತಲೆ ಖರ್ಚು ಮಾಡುವ ಕೆಲಸವಲ್ಲ. ಹಕ್ಕಿ ಬಿಡುಗಡೆಯಾಗಿ ತಿಂಗಳು ಕಳೆಯಿತು. ಊರ ತುಂಬ ಮಕ್ಕಳ ಚೀಲದಲ್ಲಿ ಅದೇ ನೇತಾಡುತ್ತಿದೆ. ದೊಡ್ಡ ಅಂಗಡಿಯಲ್ಲಿ ಕೊಂಡದ್ದು ಯಾವುದು, ಬೀದಿಯಲ್ಲಿ ಕೊಂಡದ್ದು ಯಾವುದು ಎಂದು ನನಗೆ ದೂರದಿಂದಲೇ ತಿಳಿಯುತ್ತದೆ. ಗಿಡ್ಡ ರೆಕ್ಕೆ ಕಂಡಾಗಲೆಲ್ಲ ಮುಖ ತಿರುಗಿಸುತ್ತೇನೆ. ನನ್ನ ಹೆಸರು ಯಾವ ಹಕ್ಕಿಯ ಮೇಲೂ ಇಲ್ಲ, ನನ್ನ ತಪ್ಪು ಮಾತ್ರ ಸಾವಿರಗಟ್ಟಲೆ ಓಡಾಡುತ್ತಿದೆ.

ಅತ್ತೆ ಮಧ್ಯಾಹ್ನ ಹೋಗುತ್ತಾರೆ, ಈಗ ಆಸ್ಪತ್ರೆ ಎಂದು ಹೇಳುವುದಿಲ್ಲ. ನಾವಿಬ್ಬರೂ ಮಾತಾಡುತ್ತೇವೆ, ಉಪ್ಪು ಮುಗಿದಿದೆ, ಬಾಗಿಲು ಹಾಕು, ಅಷ್ಟರ ಮಟ್ಟಿಗೆ. ಮೊಣಕಾಲಿಗೆ ಎಣ್ಣೆಯನ್ನು ಅವರೇ ಹಚ್ಚಿಕೊಳ್ಳುತ್ತಾರೆ.

ಹದಿನೈದು ದಿನದಿಂದ ಅಡುಗೆಮನೆಯ ಮೇಜಿನ ಮೇಲೆ, ನಾನು ಕೂರುವ ಜಾಗದಲ್ಲಿ, ಒಂದು ಪೇಪರು ತುಂಡು ಇರುತ್ತದೆ. ಎಡ ರೆಕ್ಕೆ. ನಾನು ಬರೆದದ್ದೇ, ಹಾಲಿನ ಕಲೆ ಇನ್ನೂ ಇದೆ. ಪಕ್ಕದಲ್ಲಿ ಚೂಪು ಮಾಡಿಟ್ಟ ಪೆನ್ಸಿಲು. ನಾನು ಅದನ್ನು ಎತ್ತಿ ಕಪಾಟಿನ ಮೇಲಿಟ್ಟು ಚಹಾ ಕುಡಿದು ಹೋಗುತ್ತೇನೆ. ಮಾರನೆಯ ಬೆಳಿಗ್ಗೆ ಮತ್ತೆ ಮೇಜಿನ ಮೇಲೆ. ಅರ್ಧ ಬೆರಳು ಬಿಡಬೇಕು ಎಂದು ಅತ್ತೆಗೆ ಗೊತ್ತಿಲ್ಲದೆ ಇಲ್ಲ. ಮೂವತ್ತು ವರ್ಷ ಹೊಲಿದವರು ಅವರು. ಅಲ್ಲಿಯ ಎಂಟು ಹುಡುಗಿಯರಲ್ಲಿ ಯಾರಾದರೂ ಎಳೆದುಬಿಡಬಹುದು. ಅವರು ಎಳೆಸುತ್ತಿಲ್ಲ. ಮಾಸ್ಟರ್ ಎಂದು ಕರೆಸಿಕೊಂಡೂ, ಗೊತ್ತಿದ್ದೂ, ಗಿಡ್ಡ ರೆಕ್ಕೆಯನ್ನೇ ಹೊಲಿಸುತ್ತಾ, ನಾನು ಗೀಟು ಎಳೆಯಲಿ ಎಂದು ಕಾಯುತ್ತಿದ್ದಾರೆ.

ಇವತ್ತು ಬೆಳಿಗ್ಗೆ ಪೆನ್ಸಿಲು ಕೈಗೆ ತೆಗೆದುಕೊಂಡೆ. ಒಳಗಿನ ಕೋಣೆಯಲ್ಲಿ ಅವರ ಸದ್ದು ನಿಂತಿತು. ತುದಿಯನ್ನು ರೆಕ್ಕೆಯ ಬುಡಕ್ಕೆ ಇಟ್ಟೆ, ಉಸಿರು ಬಿಡಲು ನೋಡಿದೆ. ಬಿಡಲಾಗಲಿಲ್ಲ. ಪೆನ್ಸಿಲನ್ನು ಇದ್ದಲ್ಲೇ ಇಟ್ಟು ಕೆಲಸಕ್ಕೆ ಬಂದೆ.